ಮೀಸೆ ಮೀನಿನ ಬೇಸಿಗೆ

ಕಲಬುರಗಿಯ ನಮ್ಮ ಮನೆಯಲ್ಲಿದ್ದ ಗಾಜಿನ ತೊಟ್ಟಿ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅಂಚಿನ ತನಕ ತುಂಬಿದರೂ 56 ಲೀಟರಿನ ಆಸುಪಾಸು. ಅದರ ತಳದಲ್ಲಿ ಆರು ಕೋರಿಡೋರಸ್ ಮೀನುಗಳು. ಹೆಬ್ಬೆರಳುದ್ದ, ಕಂಚಿನ ಬಣ್ಣ, ಬಾಯಿಯ ಸುತ್ತ ಮೀಸೆ. ಇಡೀ ದಿನ ಮೂತಿಯನ್ನು ಉಸುಕಿನಲ್ಲಿ ಹುಗಿದು ಏನನ್ನೋ ಹುಡುಕುತ್ತಲೇ ಇರುತ್ತವೆ. "ಏನ್ ಹುಡುಕ್ಲತ್ತಾವಪ್ಪಾ ಇವು, ಯಾರರ ರೊಕ್ಕ ಹುಗದಿಟ್ಟಾರೇನು?" ಎಂದು ಅವ್ವ ಕೇಳುತ್ತಿದ್ದಳು.

ಇವುಗಳ ತವರು ದಕ್ಷಿಣ ಅಮೆರಿಕದ ಹೊಳೆಗಳು. ಮೈಮೇಲೆ ಹುರುಪೆ ಇಲ್ಲ; ಎರಡೂ ಪಕ್ಕಕ್ಕೆ ಎರಡೆರಡು ಸಾಲು ಎಲುಬಿನ ಫಲಕಗಳು, ಹೆಂಚು ಹೊದಿಸಿದ ಹಾಗೆ. ಹೆಸರಿನಲ್ಲೂ ಅದೇ ಇದೆ, ಗ್ರೀಕಿನಲ್ಲಿ ಶಿರಸ್ತ್ರಾಣ ಮತ್ತು ಚರ್ಮ. ಬೀಗಲ್ ಹಡಗಿನ ಪ್ರಯಾಣದಲ್ಲಿ ಡಾರ್ವಿನ್ ಹಿಡಿದು ತಂದ ಮೀನುಗಳಲ್ಲಿ ಇವುಗಳ ಒಂದು ಜಾತಿಯೂ ಇತ್ತು; 1842ರಲ್ಲಿ ಜೆನಿನ್ಸ್ ಅದನ್ನು ವಿವರಿಸಿದ. 2024ರಲ್ಲಿ ವಿಜ್ಞಾನಿಗಳು ಈ ಕುಲವನ್ನೇ ಒಡೆದು ಹಲವು ಕುಲ ಮಾಡಿದ್ದಾರೆ. ಹಾಗಾಗಿ ನನ್ನ ಕಂಚಿನ ಮೀನು ಈಗ ಕಾಗದದ ಮೇಲೆ ಕೋರಿಡೋರಸ್ ಅಲ್ಲ. ಅದಕ್ಕೇನೂ ಬೇಜಾರಾದಂತೆ ಕಾಣಲಿಲ್ಲ.

ಅಂಗಡಿಗಳಲ್ಲಿ ಇವನ್ನು 'ಕಸ ತಿನ್ನುವ ಮೀನು' ಎಂದು ಒಂದೋ ಎರಡೋ ಕೊಟ್ಟು ಕಳಿಸುವುದುಂಟು. ಇದು ನನಗೆ ಸರಿ ಕಾಣುವುದಿಲ್ಲ. ಅವು ಕಸ ತಿನ್ನುವುದಿಲ್ಲ, ತಳಕ್ಕಿಳಿಯುವ ಕಾಳಿನಂಥ ಆಹಾರ ಬೇಕು. ಒಂಟಿಯಾಗಿ ಬದುಕುವುದೂ ಇಲ್ಲ, ಆರಾದರೂ ಇರಬೇಕು. ತಳಕ್ಕೆ ಚೂಪು ಜಲ್ಲಿ ಹಾಕಿದರೆ ಮೀಸೆ ಸವೆಯುತ್ತದೆ, ನುಣ್ಣನೆಯ ಉಸುಕೇ ಬೇಕು. ನಮ್ಮ ಕಡೆಯವರಿಗೆ ಇನ್ನೊಂದು ಮಾತು: ಫರಸಿ ಚೂರು ಕೈಗೆ ಸಿಗುತ್ತದೆಂದು ತೊಟ್ಟಿಯಲ್ಲಿ ಗುಹೆ ಕಟ್ಟಬೇಡಿ. ಶಹಾಬಾದ್ ಕಲ್ಲೆಂದರೆ ಸುಣ್ಣದ ಕಲ್ಲು. ಅದರ ಮೇಲೆ ನಿಂಬೆರಸ ಹಿಂಡಿ ನೋಡಿ, ಗುಳ್ಳೆ ಏಳುತ್ತದೆ. ಮೊದಲೇ ಗಡಸಾದ ನಮ್ಮ ಬೋರಿನ ನೀರನ್ನು ಅದು ಇನ್ನಷ್ಟು ಗಡಸು ಮಾಡುತ್ತದೆ.

ಇದೆಲ್ಲ ನಿಭಾಯಿಸಬಹುದು. ನಿಭಾಯಿಸಲಾಗದ್ದು ಬಿಸಿಲು. ಈ ಮೀನಿಗೆ 22ರಿಂದ 26 ಡಿಗ್ರಿ ಹಿತ. ಏಪ್ರಿಲ್ ಕೊನೆಗೆ ಹೊರಗೆ 42 ದಾಟಿತು, ತೊಟ್ಟಿಯ ನೀರು 33 ಮುಟ್ಟಿತು. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಆಗ ಕೋರಿಡೋರಸ್ ಬಾಣದಂತೆ ಮೇಲೇರಿ ಒಂದು ಗುಟುಕು ಗಾಳಿ ನುಂಗಿ ಮತ್ತೆ ತಳಕ್ಕಿಳಿಯುತ್ತದೆ. ಆ ಗಾಳಿಯನ್ನು ಕರುಳೇ ಹೀರಿಕೊಳ್ಳುತ್ತದೆ. ಚಳಿಗಾಲದಲ್ಲಿ ಅಪರೂಪಕ್ಕೆ ಕಾಣುತ್ತಿದ್ದ ಈ ಜಿಗಿತ ಈಗ ನಿಮಿಷಕ್ಕೆ ಎರಡು ಮೂರು ಸಲ. ಕರೆಂಟ್ ಹೋದ ಮಧ್ಯಾಹ್ನಗಳಲ್ಲಿ ಪಂಪೂ ನಿಲ್ಲುತ್ತಿತ್ತು. ತೊಟ್ಟಿಗೆ ಒದ್ದೆ ಬಟ್ಟೆ ಸುತ್ತಿ, ಐಸಿನ ಬಾಟಲಿ ತೇಲಿಬಿಟ್ಟು ಕೂತರೆ ಒಂದೆರಡು ಡಿಗ್ರಿ ಇಳಿಯುತ್ತಿತ್ತು, ಅಷ್ಟೆ.

ಕಮಲಾಪುರದ ಸೋದರಮಾವನಿಗೆ ಹೇಳಿದಾಗ, "ನಮ್ಮ ಬಾವ್ಯಾಗ ಬಿಟ್ಟುಬಿಡು, ತಣ್ಣಗ ಇರ್ತಾವ" ಅಂದರು. ಒಪ್ಪಲಾಗಲಿಲ್ಲ. ಯಾರದೋ ತೊಟ್ಟಿಯಿಂದ ಹೊರಬಿದ್ದ ಅಮೆರಿಕದ ಸಕ್ಕರ್ ಮೀನು ಇಂದು ನಮ್ಮ ದೇಶದ ಎಷ್ಟೋ ಕೆರೆ ನದಿಗಳಲ್ಲಿ ಬೇರೂರಿದೆ. ಸಾಕಿದ ಪರದೇಶದ ಮೀನನ್ನು ಬಾವಿಗೂ ಬಿಡಬಾರದು, ಅಪ್ಪನ ಕೆರೆಗೂ ಬಿಡಬಾರದು. ಆದರೆ ಮಾವನ ಮನೆಯ ನೆನಪಾಯಿತು. ಮೊಳಕ್ಕೂ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಹಳೇ ಮನೆ. ಮೇ ತಿಂಗಳಲ್ಲೂ ಒಳಕೋಣೆಯಲ್ಲಿ ಹೊದ್ದುಕೊಳ್ಳಬೇಕೆನಿಸುತ್ತದೆ.

ಬೆಳಗಿನ ನಾಲ್ಕಕ್ಕೆ ಟಂಟಂ ಗೊತ್ತು ಮಾಡಿ ಹೊರಟೆ. ಮುಚ್ಚಳದ ಬಕೀಟಿನಲ್ಲಿ ಮೀನು, ಇನ್ನೊಂದರಲ್ಲಿ ಹಳೆಯ ನೀರು. ಫಿಲ್ಟರಿನ ಸ್ಪಂಜನ್ನು ಆ ನೀರಿನಲ್ಲೇ ಮುಳುಗಿಸಿಟ್ಟಿದ್ದೆ. ಮೀನಿನ ಹೊಲಸಿನ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ, ಒಣಗಿದರೆ ಸಾಯುತ್ತವೆ. ಹೊತ್ತು ಮೂಡುವುದರೊಳಗೆ ತೊಟ್ಟಿ ಒಳಕೋಣೆಯ ಕಟ್ಟೆಯ ಮೇಲಿತ್ತು. ಆ ಮೇ ತಿಂಗಳಿಡೀ ಅಲ್ಲಿ ನೀರು 28 ದಾಟಲಿಲ್ಲ. ಆರೂ ಉಳಿದವು.

ಅತ್ತೆ ತೀರಿಹೋದ ಮೇಲೆ ಆ ಮನೆಯಲ್ಲಿ ಮಾವ ಒಬ್ಬರೇ. ಮೊದಲ ವಾರ "ಊಟ ಹಾಕೀನಿ" ಎಂದಷ್ಟೇ ಫೋನು ಮಾಡುತ್ತಿದ್ದವರು ಆಮೇಲೆ ಅರ್ಧ ತಾಸು ಮಾತಾಡತೊಡಗಿದರು: ಒಂದು ಕಣ್ಣು ಹೊಡೆಯಿತು, ಒಂದು ಮುನಿಸಿಕೊಂಡು ಮೂಲೆ ಹಿಡಿದಿದೆ. ಕಣ್ಣು ಹೊಡೆಯುವುದು ಸುಳ್ಳಲ್ಲ; ಇವು ಗುಡ್ಡೆಯನ್ನು ಕೆಳಕ್ಕೆ ಹೊರಳಿಸಿದಾಗ ಹಾಗೇ ಕಾಣುತ್ತದೆ. ಜೂನಿನ ಮೊದಲ ಮಳೆಗೆ ಹವೆ ತಂಪಾಗಿ, ಮಾವ ಬಾವಿಯ ತಣ್ಣೀರು ಬದಲಿಸಿದ ಮರುದಿನವೇ ಗಾಜಿನ ಮೇಲೆ ಸಾಬೂದಾಣಿಯಂಥ ತತ್ತಿಗಳು. ತವರಲ್ಲೂ ಮಳೆಯ ತಂಪು ನೀರೇ ಇವಕ್ಕೆ ತತ್ತಿಯಿಡುವ ಸೂಚನೆ. ಬಹಳಷ್ಟನ್ನು ತಾವೇ ತಿಂದವು. ಮೂರು ಮರಿ ಉಳಿದವು.

ಬಿಸಿಲಿಳಿಯಿತು, ತೊಟ್ಟಿ ತರಲೇ ಎಂದು ಕೇಳಿದೆ. "ಮರಿ ಇನ್ನಾ ಸಣ್ಣವ ಅವ, ಈಗ್ಯಾಕ ಒಯ್ತಿ? ದಸರಾ ಆಗ್ಲಿ" ಅಂದರು. ದಸರೆಯೂ ಆಯಿತು. ಈಗ ಭಾನುವಾರ ಹುಮನಾಬಾದ್ ಬಸ್ಸು ಹತ್ತಿ ಹೋಗಿ, ನೀರು ಬದಲಿಸಿ, ಮಾವನ ತೋಟದ ಕೆಂಪು ಬಾಳೆಹಣ್ಣು ಎರಡು ತಿಂದು ಬರುತ್ತೇನೆ.