ನಂಜಮ್ಮ ಎಲೆ ಹಚ್ಚುತ್ತಿದ್ದಳು

ನಿಮ್ಮ ಮೆಚ್ಚಿನ ಕಾದಂಬರಿ ಯಾವುದು ಅಂತ ಯಾರಾದರೂ ಕೇಳಿದರೆ ನಾಲ್ಕು ಹೆಸರು ಥಟ್ಟನೆ ಬಾಯಿಗೆ ಬರುತ್ತವೆ. ಯಾಕೆ ಮೆಚ್ಚು ಅಂತ ಕೇಳಿದರೆ ಮಾತ್ರ ಸ್ವಲ್ಪ ಕೂತು ಮಾತಾಡಬೇಕಾಗುತ್ತದೆ. ಕತೆಗಾಗಿ ಅನ್ನೋಣವೆಂದರೆ, ಒಂದು ಕಾಲಕ್ಕೆ ರಾತ್ರಿಯಿಡೀ ಓದಿದ ಎಷ್ಟೋ ಪುಸ್ತಕಗಳಲ್ಲಿ ಯಾರು ಯಾರನ್ನು ಮದುವೆಯಾದರು ಅನ್ನುವುದೇ ಈಗ ಮರೆತಿದೆ. ನೆನಪಲ್ಲಿ ಗಟ್ಟಿಯಾಗಿ ಕೂತಿರುವುದು ಬೇರೆಯೇ: ಯಾರೋ ಯಾವುದೋ ಕೆಲಸ ಮಾಡುತ್ತಿರುವುದು.

ಭೈರಪ್ಪನವರ ‘ಗೃಹಭಂಗ’ವನ್ನೇ ತಗೊಳ್ಳಿ. 1970ರ ಕಾದಂಬರಿ. ಅದರ ಮಾತೆತ್ತಿದರೆ ಹೆಚ್ಚಿನವರು ಪ್ಲೇಗಿನ ಸಾವುಗಳ ಬಗ್ಗೆ ಹೇಳುತ್ತಾರೆ, ಅತ್ತೆ ಗಂಗಮ್ಮನ ಬೈಗುಳದ ಬಗ್ಗೆ ಹೇಳುತ್ತಾರೆ. ನನಗೆ ಮೊದಲು ಕಾಣಿಸುವುದು ಮುತ್ತುಗದ ಎಲೆ ಮುಂದೆ ಹಾಕಿಕೊಂಡು ಊಟದೆಲೆ ಹಚ್ಚುತ್ತಾ ಕೂತ ನಂಜಮ್ಮ. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಲೆಕ್ಕ ಬರೆಯುವವಳು ಇವಳು. ಒಂದು ಕಡೆ ಸರ್ಕಾರದ ಲೆಕ್ಕ, ಇನ್ನೊಂದು ಕಡೆ ಮಾರುವುದಕ್ಕೆ ಎಲೆ, ನಡುವೆ ಮಕ್ಕಳ ಹೊಟ್ಟೆ. ಎಲೆ ಹಚ್ಚುವುದನ್ನು ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ನೋಡಿದವರಿಗೆ ಗೊತ್ತು, ಅದು ಕೈಗೆ ಬಂದಮೇಲೆ ಕಣ್ಣು ಬೇಡ. ಮನಸ್ಸು ಎಲ್ಲೋ ಇರುತ್ತದೆ, ಬೆರಳು ಕಡ್ಡಿ ಚುಚ್ಚಿ ಮುರಿಯುತ್ತಾ ಇರುತ್ತದೆ. ನಂಜಮ್ಮನ ಮನಸ್ಸಿನಲ್ಲಿ ಏನೇನು ಓಡುತ್ತಿತ್ತೋ ಅನ್ನುವುದನ್ನು ಓದುವವರು ಆ ಎಲೆಗಳಿಂದಲೇ ಊಹಿಸಿಕೊಳ್ಳಬಹುದು.

ಸ್ನೇಹಿತರೊಬ್ಬರು ‘ಗೃಹಭಂಗ’ ಇನ್ನೊಮ್ಮೆ ಓದಲಾರೆ ಅನ್ನುತ್ತಾರೆ, ಅಷ್ಟು ಸಂಕಟ ಅದರಲ್ಲಿ ಅಂತ. ಒಂದೇ ಪ್ಲೇಗು ಬೆಳೆದ ಮಗಳನ್ನೂ ಮಗನನ್ನೂ ಕೊಂಡೊಯ್ಯುವ ಪುಟಗಳನ್ನು ನೆನೆದರೆ ಅವರ ಮಾತನ್ನು ತಳ್ಳಿಹಾಕಲಾಗದು. ಆದರೂ ನಾನು ಆ ಪುಸ್ತಕಕ್ಕೆ ಮತ್ತೆ ಮತ್ತೆ ಹೋಗುತ್ತೇನೆ. ಅಷ್ಟು ಕಳಕೊಂಡ ಹೆಂಗಸು ಉಳಿದ ಕಿರಿಮಗ ವಿಶ್ವನಿಗಾಗಿ ಮತ್ತೆ ಕೆಲಸಕ್ಕೆ ಕೂತುಕೊಳ್ಳುತ್ತಾಳಲ್ಲ, ಅದನ್ನು ನೋಡುವುದಕ್ಕೆ. ಅವಳನ್ನು ಸಹನಾಮೂರ್ತಿ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸುಮ್ಮನೆ ಸಹಿಸಿದವಳಲ್ಲ ಅವಳು. ಆ ಮನೆಯಲ್ಲಿ ಲೆಕ್ಕ ಬಲ್ಲವಳು ಅವಳು, ಬುದ್ಧಿವಂತೆ ಅವಳು.

ಅಲ್ಲಿಂದ ಘಟ್ಟ ಇಳಿದರೆ ಕೋಡಿ. ಕೋಟದ ಹತ್ತಿರದ, ಕಡಲಿಗೂ ಹೊಳೆಗೂ ನಡುವಿನ ಆ ಮರಳು ನೆಲ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯದು. ಮನೆಯ ಯಜಮಾನ ರಾಮ ಐತಾಳರು ಪೌರೋಹಿತ್ಯಕ್ಕೆಂದು ಊರೂರು ತಿರುಗುತ್ತಾರೆ. ಇತ್ತ ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ ಗದ್ದೆಯ ಕೆಲಸಕ್ಕೆ ಇಳಿಯುತ್ತಾರೆ. ಮಳೆಗಾಲದ ನೆರೆಯಲ್ಲಿ ತೇಲಿಬರುವ ಕಟ್ಟಿಗೆಯನ್ನೂ ಹಿಡಿದು ದಡಕ್ಕೆ ತರುತ್ತಾರೆ. ಮೂರು ತಲೆಮಾರಿನ ಕತೆ ಅದು. ಐತಾಳರ ಮಗ ಲಚ್ಚನ ಇಂಗ್ಲಿಷ್ ಓದು, ಅವನ ದುಂದು, ಅವನ ಮಗ ರಾಮನ ಕಾಲದ ಸ್ವಾತಂತ್ರ್ಯ ಚಳವಳಿ, ಎಲ್ಲ ಅದರಲ್ಲಿದೆ. ನನ್ನ ಮಟ್ಟಿಗೆ ಆ ದೊಡ್ಡ ಪುಸ್ತಕ ನಿಂತಿರುವುದು ಮಾತ್ರ ಈ ಇಬ್ಬರು ಹೆಂಗಸರ ಬೆನ್ನಿನ ಮೇಲೆ. ಮಕ್ಕಳಾಗಲಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ಮದುವೆಯಾಗಿ ತರುತ್ತಾರಲ್ಲ, ಅಲ್ಲಿ ಪಾರೋತಿಯ ಸಂಕಟವನ್ನು ವಿವರಿಸಲು ಕಾರಂತರಿಗೆ ಬಹಳ ಮಾತು ಬೇಕಾಗುವುದಿಲ್ಲ. ಅವಳು ಆ ಮನೆಗೆ ಎಷ್ಟು ದುಡಿದಿದ್ದಾಳೆ ಅನ್ನುವುದನ್ನು ಅಷ್ಟು ಹೊತ್ತಿಗೆ ನಾವೇ ಕಂಡಿರುತ್ತೇವೆ. ಅನ್ಯಾಯದ ಅಳತೆ ನಮ್ಮ ಕೈಯಲ್ಲೇ ಇರುತ್ತದೆ. ಕಾದಂಬರಿಕಾರ ಕೆಲಸವನ್ನು ಯಾಕೆ ತಾಳ್ಮೆಯಿಂದ ಬರೆಯಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ತೋಚಿಲ್ಲ.

ಕಾರಂತರದೇ ‘ಬೆಟ್ಟದ ಜೀವ’ದ ಗೋಪಾಲಯ್ಯನವರೂ ಇದೇ ಜಾತಿಯವರು, ಕುಮಾರಪರ್ವತದ ಮಗ್ಗುಲಲ್ಲಿ ಕಾಡು ಕಡಿದು ತೋಟ ಎಬ್ಬಿಸಿದ ಮುದುಕ. ಮಗ ಮನೆ ಬಿಟ್ಟುಹೋದ ದುಃಖವನ್ನು ಆಡಿಕೊಳ್ಳುವುದಕ್ಕಿಂತ, ದಾರಿ ತಪ್ಪಿ ಬಂದ ಅತಿಥಿಗೆ ತೋಟ ತೋರಿಸುವುದರಲ್ಲಿ ಅವರಿಗೆ ಹೆಚ್ಚು ಉತ್ಸಾಹ. ತೇಜಸ್ವಿಯವರ ‘ಕರ್ವಾಲೊ’ದ ಮಂದಣ್ಣನನ್ನೂ ಇಲ್ಲಿ ನೆನೆಯಬೇಕು. ಊರಿನವರಿಗೆ ಅವನು ಕೆಲಸಕ್ಕೆ ಬಾರದವನು. ಜೇನಿನ ವಿಷಯಕ್ಕೆ ಬಂದರೆ ಅವನ ಕಣ್ಣಿಗೆ ಕಾಣುವುದು ಇನ್ನೊಬ್ಬರಿಗೆ ಕಾಣುವುದಿಲ್ಲ, ಮತ್ತು ವಿಜ್ಞಾನಿ ಕರ್ವಾಲೊ ಅದಕ್ಕೆ ಬೆಲೆ ಕೊಡುತ್ತಾರೆ. ಅವರೆಲ್ಲ ಕಾಡಿನಲ್ಲಿ ಹುಡುಕಿ ಹೊರಡುವ ಹಾರುವ ಓತಿಗಿಂತ ನನಗೆ ಆ ಗೌರವವೇ ಹೆಚ್ಚು ಇಷ್ಟ.

ಹೀಗೆ ಹೇಳುತ್ತಾ ಹೋದರೆ, ದುಡಿಮೆ ಎಲ್ಲರಿಗೂ ಸಿಕ್ಕಿಯೇ ಸಿಗುತ್ತದೆ ಎಂಬ ಭಾವನೆ ಬರಬಹುದು. ಬಾರದಿರಲಿ. ಅದಕ್ಕೇ ಶಿವರಾಮ ಕಾರಂತರದೇ ಆದ 1933ರ ‘ಚೋಮನ ದುಡಿ’ಯನ್ನು ಕೊನೆಗೆ ಉಳಿಸಿಕೊಂಡೆ. ಚೋಮ ಕೇಳಿದ್ದು ಕೆಲಸ. ಜೋಡಿ ಎತ್ತು ಅವನಲ್ಲಿವೆ, ತೋಳಿನಲ್ಲಿ ಕಸುವಿದೆ, ಉಳುವ ಆಸೆ ಎದೆ ತುಂಬ ಇದೆ. ಬೇಕಿದ್ದದ್ದು ಗೇಣಿಗೆ ಒಂದು ತುಂಡು ಗದ್ದೆ. ಹೊಲೆಯನಿಗೆ ಬೇಸಾಯವೇ ಎಂದು ಊರು ಅದನ್ನು ಕೊಡಲಿಲ್ಲ. ಸಾಲ ತೀರಿಸುವುದಕ್ಕೆ ಅವನ ಮಕ್ಕಳು ಕಾಫಿ ತೋಟಕ್ಕೆ ಹೋಗಿ ಬೇರೆಯವರಿಗಾಗಿ ದುಡಿಯಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಅಪ್ಪ ತನ್ನದೆನ್ನುವ ಒಂದು ಬೆಳೆ ಬೆಳೆಯುವಂತಿಲ್ಲ. ಬಿ. ವಿ. ಕಾರಂತರು 1975ರಲ್ಲಿ ಮಾಡಿದ ಚಿತ್ರದಲ್ಲಿ ಚೋಮನಾದ ವಾಸುದೇವರಾಯರ ಮುಖ ನೋಡಿದವರಿಗೆ ಈ ಹಸಿವು ಗೊತ್ತು. ನಂಜಮ್ಮನ ಎಲೆ, ಪಾರೋತಿಯ ಕಟ್ಟಿಗೆ, ಗೋಪಾಲಯ್ಯನವರ ತೋಟ ಇವನ್ನೆಲ್ಲ ಓದಿಕೊಂಡು ಚೋಮನ ಹತ್ತಿರ ಬನ್ನಿ. ಅವನಿಂದ ಏನನ್ನು ಕಿತ್ತುಕೊಂಡರು ಅನ್ನುವುದು ಆಗ ಪೂರ್ತಿ ತಿಳಿಯುತ್ತದೆ.