ಮುತ್ತಜ್ಜನ ಸಾವು ಹುಡುಕುತ್ತಾ...

ಬಹಳ ದಿನ ಆಯ್ತು ಇಲ್ಲಿ ಏನೂ ಬರೆದು. ಇದ್ದಬದ್ದ ರಜೆಯೆಲ್ಲಾ ಊರಿಗೆ ಓಡಾಡೋದರಲ್ಲೇ ಮುಗಿದುಹೋಯ್ತು. ಕಾರಣ ಕೇಳಿದರೆ ನಗ್ತೀರೇನೋ... ನೂರು ವರ್ಷದ ಹಿಂದೆ ಸತ್ತ ಮುತ್ತಜ್ಜ ಯಾವಾಗ ಸತ್ತ, ಎಲ್ಲಿ ಮಣ್ಣಾದ ಅಂತ ಹುಡುಕ್ತಾ ಇದ್ದೆ!

ನಮ್ಮೂರು ಕುಷ್ಟಗಿ ತಾಲ್ಲೂಕಿನದು. ರಸ್ತೆಗೆ ಹತ್ತಿದ ನಾಲ್ಕು ಎಕರೆ ಮಸಾರಿ ಹೊಲ ಮಾರೋಣ ಅಂತ ಅಪ್ಪ, ದೊಡ್ಡಪ್ಪ, ಕಾಕಾ ಮೂವರೂ ಒಪ್ಪಿದರು. ಪಹಣಿ ತೆಗೆಸಿ ನೋಡಿದರೆ ಅದು ಇನ್ನೂ ಮುತ್ತಜ್ಜನ ಹೆಸರಲ್ಲೇ ಇದೆ. ಆಗ ಅದು ಸಾಲಕ್ಕೆ ಅಡವು ಬಿದ್ದಿತ್ತಂತೆ, ಬಿಡಿಸಿಕೊಂಡ ಮೇಲೂ ಹೆಸರು ಬದಲಾಯಿಸೋಕೆ ಯಾರೂ ಹೋಗಿಲ್ಲ. ಉಳಿದ ಹೊಲಗಳೆಲ್ಲಾ ಅಜ್ಜನ ಹೆಸರಿಗೆ ಬಂದು, ಅಲ್ಲಿಂದ ಮಕ್ಕಳಿಗೂ ಹಂಚಿಹೋಗಿವೆ. ಇದೊಂದು ಮಾತ್ರ ಸತ್ತವನ ಹೆಸರಲ್ಲಿ ಆರಾಮಾಗಿ ಕೂತಿತ್ತು.

ಕಚೇರಿಯಲ್ಲಿ ಸಾವಿನ ದಾಖಲೆ ಏನಾದರೂ ಇದ್ದರೆ ತನ್ನಿ ಅಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ, ಆದರೆ ತರೋದು ಎಲ್ಲಿಂದ? ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ, ನಮ್ಮ ರಾಜ್ಯದಲ್ಲಿ ಜಾರಿಯಾಗಿದ್ದು 1970ರ ಏಪ್ರಿಲ್ 1ರಿಂದ. ಅದಕ್ಕೂ ಹಿಂದೆ ನಾವು ನಿಜಾಮರ ಪ್ರಜೆಗಳು. ಊರಿಗೊಬ್ಬ ಪೊಲೀಸ್ ಪಾಟೀಲ, ಹುಟ್ಟು ಸಾವಿನ ಸುದ್ದಿ ಮೇಲಕ್ಕೆ ಮುಟ್ಟಿಸೋದು ಅವನ ಕೆಲಸ. ಎಷ್ಟು ಮಂದಿ ಸತ್ತರು ಅನ್ನೋ ಲೆಕ್ಕ ಹೋಗ್ತಿತ್ತು. ಹೆಸರು ಬರೆದ ಹಾಳೆ ನಮ್ಮೂರಿನ ಮಟ್ಟಿಗಂತೂ ನನಗೆ ಎಲ್ಲೂ ಸಿಗಲಿಲ್ಲ.

ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಒಂದೇ ಮಾತು. "ದೊಡ್ಡ ಬ್ಯಾನಿ ವರ್ಷ ಹ್ವಾದ." ಅಂದರೆ 1918ರ ಇನ್‌ಫ್ಲುಯೆಂಜಾ. ಜೂನ್‌ನಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡು ರೈಲು ಹತ್ತಿ ಒಳನಾಡಿಗೆ ಬಂದ ಜ್ವರ ಅದು. ಗದಗದಿಂದ ಹೊಸಪೇಟೆಗೆ ಹೋಗೋ ರೈಲು ಆಗಲೇ ಕೊಪ್ಪಳದ ಮೇಲೆ ಓಡುತ್ತಿತ್ತಲ್ಲ. ಮಳೆಗಾಲ ಮುಗಿಯೋ ಹೊತ್ತಿಗೆ ಎರಡನೇ ಸಲ ಬಂದಾಗ ಬಹಳ ಕೆಟ್ಟದಾಗಿ ಬಂತು. ಮಳೆಯೂ ಆ ವರ್ಷ ಕೈಕೊಟ್ಟಿತ್ತು. ಇಡೀ ದೇಶದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತರು ಅಂತಾರೆ. ಅಷ್ಟು ಜನರಲ್ಲಿ ನಮ್ಮವನೊಬ್ಬ.

ಈಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಾ 1997ರಲ್ಲಿ ಆದ ಒಂದೇ ಜಿಲ್ಲೆ. ಆಗ ಹಾಗಿರಲಿಲ್ಲ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಾಗೀರು. ಕುಷ್ಟಗಿ, ಗಂಗಾವತಿ ನೇರ ನಿಜಾಮ ಸರ್ಕಾರದ್ದು, ಅವೂ 1905ರವರೆಗೆ ಲಿಂಗಸುಗೂರು ಜಿಲ್ಲೆಗೆ ಸೇರಿದ್ದವು, ಆಮೇಲೆ ರಾಯಚೂರಿಗೆ. ಹಳೇ ಕಾಗದ ಹುಡುಕೋ ಹುಚ್ಚು ನಿಮಗೂ ಇದ್ದರೆ ಮೊದಲು ಇದನ್ನ ಸರಿಯಾಗಿ ತಿಳ್ಕೊಳ್ಳಿ. ಇಲ್ಲಾಂದ್ರೆ ಜಾಗೀರಿನ ಊರಿನ ಕಾಗದಕ್ಕೆ ದಿವಾನಿಯ ದಫ್ತರಿನಲ್ಲಿ ಹುಡುಕ್ತಾ ಕೂರ್ತೀರಿ :)

ಸಾವಿನ ಪುಸ್ತಕ ಇಲ್ಲ ಅಂದಮೇಲೆ ಹೊಲದ ಪುಸ್ತಕ ಹಿಡಿದೆ. ನಿಜಾಮರ ಕಂದಾಯ ಇಲಾಖೆಯಲ್ಲಿ ಸೇತ್ವಾರ್, ವಸೂಲ್ ಬಾಕಿ, ಫೈಸಲ್ ಪಟ್ಟಿ ಅಂತೆಲ್ಲಾ ಇರ್ತಿದ್ದವು. ಫೈಸಲ್ ಪಟ್ಟಿ ಅಂದರೆ ಆ ವರ್ಷ ಯಾವ ಪಟ್ಟಾ ಯಾರಿಂದ ಯಾರಿಗೆ ಬದಲಾಯ್ತು ಅನ್ನೋ ಲೆಕ್ಕ. ನಮ್ಮ ಇನ್ನೊಂದು ಹೊಲದ, ಅಂದರೆ ಅಜ್ಜನ ಹೆಸರಿಗೆ ಬಂದಿದ್ದ ಹೊಲದ ನಂಬರು ಕೊಟ್ಟು ನಕಲು ಕೇಳಿದೆ. ಮೂರು ಸಲ ಓಡಾಡಿದ ಮೇಲೆ ಒಂದು ಹಾಳೆ ಸಿಕ್ತು. ಪೂರ್ತಿ ಉರ್ದು, ಅದೂ ಗುಮಾಸ್ತರು ಓಡಿಸಿ ಬರೆದ ಶಿಕಸ್ತಾ ಬರವಣಿಗೆ. ನನಗಂತೂ ಇರುವೆ ಸಾಲು ಹರಿದ ಹಾಗೆ ಕಾಣಿಸ್ತು.

ಗಂಗಾವತಿಯಲ್ಲಿ ಒಬ್ಬ ನಿವೃತ್ತ ಉರ್ದು ಮೇಷ್ಟ್ರು ಇದ್ದಾರೆ ಅಂತ ಗೆಳೆಯ ಕರ್ಕೊಂಡು ಹೋದ. ಚಹಾ ತರಿಸಿ, ಕನ್ನಡಕ ಒರೆಸಿ, ಬೆರಳಿಟ್ಟು ಓದಿದರು. ವರ್ಷ 1328 ಫಸಲಿ. "ಇದಕ್ಕ ಐನೂರಾ ತೊಂಬತ್ತು ಕೂಡಸ್ರಿ" ಅಂದರು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರ ಆಜುರ್ ತಿಂಗಳಿಂದ ಶುರು. ಅಂದರೆ 1918ರ ಅಕ್ಟೋಬರಿನಿಂದ ಮುಂದಿನ ಒಂದು ವರ್ಷ. ಮೈ ಜುಂ ಅಂತು. ಮನೆಯ ಮಾತು ಸುಳ್ಳಾಗಿರಲಿಲ್ಲ.

ಮುತ್ತಜ್ಜನ ಹೆಸರು, ವಲ್ದ್ ಅಂತ ಅವರಪ್ಪನ ಹೆಸರು, ಪಕ್ಕದಲ್ಲಿ ಒಂದೇ ಶಬ್ದ. ಫೌತ್. ಅರಬ್ಬಿಯಿಂದ ಉರ್ದುವಿಗೆ ಬಂದ ಮಾತು, ಅರ್ಥ ಸಾವು. ನಾವು ದಿನಾ ಅನ್ನೋ "ಪೌತಿ ಖಾತೆ"ಯ ಪೌತಿ ಇದೇ ಅಂತ ಮೇಷ್ಟ್ರು ಹೇಳಿದಾಗಲೇ ನನಗೆ ಹೊಳೆದಿದ್ದು. ಮುಂದಿನ ಕಾಲಂನಲ್ಲಿ ಅಜ್ಜನ ಹೆಸರು, ಜೊತೆಗೆ "ನಾಬಾಲಿಗ್". ಅಜ್ಜನಿಗೆ ಆಗ ಆರೋ ಏಳೋ ವರ್ಷ. ಕೋಲೂರಿಕೊಂಡು ಗದರಿಸುತ್ತಿದ್ದ ಅಜ್ಜನನ್ನ ನಾಬಾಲಿಗ್ ಅಂತ ಓದಿಸಿಕೊಂಡಾಗ ನಗುವೂ ಬಂತು, ಗಂಟಲೂ ಕಟ್ಟಿತು.

ಕಾಗದದ ಕೆಲಸ ಅಲ್ಲಿಗೆ ದಡ ಸೇರಿತು ಅನ್ನಿ. ಈ ನಕಲು, ವಂಶವೃಕ್ಷ, ಒಂದು ಅಫಿಡವಿಟ್ಟು ಕೊಟ್ಟಾಯ್ತು, ಖಾತೆ ಬದಲಾಯ್ತು. ನಿಜವಾದ ತಕರಾರು ಶುರುವಾಗಿದ್ದು ಆಮೇಲೆ.

ಆ ನಾಲ್ಕು ಎಕರೆಯಲ್ಲಿ ಬೇವಿನ ಮರದ ಕೆಳಗೆ ಒಂದು ದೊಡ್ಡ ಕಲ್ಲಿದೆ, ಅದು ಮುತ್ತಜ್ಜನ ಗದ್ದುಗೆ. ನಮ್ಮಲ್ಲಿ ಸುಡೋದಿಲ್ಲ. ಕುಣಿ ತೋಡಿ, ಗೂಡು ಕೊರೆದು, ಕೈಯಲ್ಲಿ ಲಿಂಗ ಕೊಟ್ಟು ಕೂರಿಸಿ, ವಿಭೂತಿ ಪತ್ರಿ ಹಾಕಿ ಮಣ್ಣು ಮುಚ್ಚೋದು. ಅಲ್ಲಿಂದ ಹದಿನೈದು ಹೆಜ್ಜೆ ಆಚೆ, ಬಂಡಿ ದಾರಿ ಕಡೆ, ಮೊಣಕಾಲೆತ್ತರದ ಇನ್ನೊಂದು ಸಣ್ಣ ಕಲ್ಲು. ಎಳ್ಳಮಾಸಿಗೆ ಚರಗ ಚೆಲ್ಲೋಕೆ ಹೋದಾಗ ಅಜ್ಜ ಎರಡಕ್ಕೂ ಎಡೆ ಇಡ್ತಿದ್ದ. ಸಣ್ಣದು ಹೊಲದ ದೇವರು ಅಂತ ನಾವು ಹುಡುಗರು ತಿಳ್ಕೊಂಡಿದ್ವಿ. ಹೊಲ ತಗೊಳ್ಳೋರು ಒಳ್ಳೆಯ ಜನ. ಹಿರಿಯರ ಗದ್ದುಗೆ ಸುತ್ತ ಜಾಗ ಬಿಡ್ತೀವಿ, ನೀವು ಬಂದು ಪೂಜೆ ಮಾಡ್ಕೊಳ್ಳಿ ಅಂದರು. ಉಳಿದದ್ದಕ್ಕೆ ಜೆಸಿಬಿ ಹಚ್ಚಿ ಸಪಾಟು ಮಾಡಿಸ್ತಾರೆ. ಹಾಗಾದರೆ ಸಣ್ಣ ಕಲ್ಲು?

ಯಲಬುರ್ಗಾ ಕಡೆ ಕೊಟ್ಟ ಸೋದರತ್ತಿ ಒಬ್ಬಳಿದ್ದಾಳೆ, ತೊಂಬತ್ತು ದಾಟಿದೆ. ಕಿವಿ ಮಂದ, ನೆನಪು ಚುರುಕು. ಕೇಳಿದೆ.

"ಆ ಸಣ್ಣ ಕಲ್ಲು ಹಿರೇಕೀದು ತಮ್ಮಾ. ನಿಮ್ಮ ಮುತ್ತಜ್ಜಗ ಇಬ್ಬರು ಹೆಂಡ್ರು. ಹಿರೇಕಿಗೆ ಮಕ್ಕಳಾಗ್ಲಿಲ್ಲ ಅಂತ ಕಿರೇಕೀನ ತಂದ್ರು. ನಮ್ಮಪ್ಪನ್ನ ಹಡದಾಕಿ ಕಿರೇಕಿ, ಜ್ವಾಕಿ ಮಾಡಿದಾಕಿ ಹಿರೇಕಿ. ಗಂಡಗ ಬ್ಯಾನಿ ಬಂದಾಗ ಆಕಿನ ಹತ್ತಿರ ಕುಂತು ನೋಡಿದ್ಲು. ಆತ ಹೋದ ನಾಕನೇ ದಿನಕ್ಕ ಆಕಿನೂ ಹ್ವಾದ್ಲು. ಊರಾಗ ಕುಣಿ ತೋಡಾಕ ಮಂದಿ ಇರಲಿಲ್ಲಂತ."

"ಆಕಿ ಹೆಸರೇನತ್ತಿ?"

"ಹಿರೇಕಿ ಅಂತಿದ್ರಪ್ಪಾ. ಹೆಸರ ಯಾರ ಕೇಳ್ಯಾರ?"

ಫೌತ್ ಅಂತ ಬರೆಯೋಕೆ ಹೆಸರಲ್ಲಿ ಪಟ್ಟಾ ಇರಬೇಕಿತ್ತು. ಇವಳ ಹೆಸರಲ್ಲಿ ಒಂದು ಗುಂಟೆಯೂ ಇರಲಿಲ್ಲ, ಹಾಗಾಗಿ ಸರ್ಕಾರದ ಪ್ರಕಾರ ಇವಳು ಸತ್ತೇ ಇಲ್ಲ! ಸರ್ಕಾರಕ್ಕೆ ತೆರಿಗೆ ಕಟ್ಟೋನು ಸತ್ತರೆ ಗೊತ್ತಾಗುತ್ತೆ, ತಿರುಗಿ ಬಿದ್ದೋನು ಸತ್ತರೆ ಗೊತ್ತಾಗುತ್ತೆ. ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಬಿದ್ದದ್ದು 1858ರ ಜೂನ್ 1 ಅಂತ ತಾರೀಖಿನ ಸಮೇತ ಇವತ್ತಿಗೂ ಸಿಗುತ್ತೆ. ಜ್ವರ ಬಂದವನ ಹಾಸಿಗೆ ಪಕ್ಕ ಕೂತವಳಿಗೆ ಯಾವ ಕಾಲಂ?

ಹಾಗೆ ನೋಡಿದರೆ ನಮ್ಮ ಕಡೆ ಕಲ್ಲೇ ಹಳೇ ದಾಖಲೆ. ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಸಮಾಧಿಗಳು, ಮನೆ ಕಟ್ಟಿದ ಹಾಗೆ ಚಪ್ಪಡಿ ನಿಲ್ಲಿಸಿದ್ದು, ನೂರಾರು ಇವೆ. ಒಂದರ ಮೇಲೂ ಹೆಸರಿಲ್ಲ. ಕೊಪ್ಪಳ ಜೈನರ ಕೊಪಣ ಆಗಿದ್ದಾಗ ಅಲ್ಲಿ ದೇಹ ಬಿಟ್ಟವರಿಗೆ ನಿಷಿಧಿ ಕಲ್ಲು ಹಾಕಿಸಿದರು, ಪಾಲ್ಕಿಗುಂಡಿನ ಬಂಡೆಯಲ್ಲಿ ಜಟಾಸಿಂಹನಂದಿಯ ಪಾದ ಕೆತ್ತಿಸಿ ಕೆತ್ತಿಸಿದವನ ಹೆಸರನ್ನೂ ಬರೆಸಿದರು. ನಮ್ಮ ಹಿರೇಕಿಯ ಕಲ್ಲು ಹಿರೇಬೆಣಕಲ್ ಜಾತಿಯದು.

ಕೊನೇ ಆಸೆ ಹೆಳವರ ಮೇಲಿತ್ತು. ನಿಮ್ಮ ಕಡೆಯೂ ಬರ್ತಾರಲ್ಲ, ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸ್ತಾ ಬಂದು ಮನೆತನದ ಮೂಲ, ಬೆಡಗು, ತಲೆಮಾರು ಎಲ್ಲಾ ಒಂದೇ ಉಸಿರಿನಲ್ಲಿ ಹೇಳೋರು. ನಮ್ಮ ಹೆಳವರು ಈಗ ಬೈಕಿನಲ್ಲಿ ಬರ್ತಾರೆ, ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ. ಮುತ್ತಜ್ಜನ ಸಾಲು ತೆಗೆಸಿದೆ. ಅವನ ಅಪ್ಪ, ಅಪ್ಪನ ಅಪ್ಪ, ಏಳು ತಲೆಮಾರು ಗಂಡಸರು ಸಾಲಾಗಿ ಬಂದರು. ಕಿರೇಕಿ ಅಜ್ಜನ ತಾಯಿ ಅಂತ ತವರೂರಿನ ಹೆಸರಿನಲ್ಲಿ ಬಂದಳು. ಹಿರೇಕಿ ಬರಲಿಲ್ಲ. "ಸಂತಾನ ಇದ್ದರ ಬರೀತೀವ್ರಿ ಯಪ್ಪಾ" ಅಂದರು ಹೆಳವರು, ಸಂಕೋಚದಿಂದಲೇ. ಈಗ ಬರೀರಿ ಅಂದೆ. ಜೋಳ, ಒಂದು ಪಂಚೆ, ದಕ್ಷಿಣೆ ಕೊಟ್ಟು ಬರೆಸಿದೆ.

ಮಾರಾಟಕ್ಕೆ ಕೂತಾಗ ಕಾಕಾ "ದಾಖಲೆ ಎಲ್ಲೈತಿ?" ಅಂತ ಒಂದು ಸಲ ಕೇಳಿದ. ದೊಡ್ಡಪ್ಪ ತಲೆ ಎತ್ತದೆ "ಅಪ್ಪ ಎಡಿ ಇಡ್ತಿದ್ದ" ಅಂದ. ಕಾಕಾ ಮತ್ತೆ ಕೇಳಲಿಲ್ಲ. ಎರಡು ಕಲ್ಲನ್ನೂ ಸೇರಿಸಿ ಜಾಗ ಬಿಡೋದು ಅಂತಾಯ್ತು. ಕೊಳ್ಳೋರು ಒಂದು ಸಾರಿ ನನ್ನ ಮುಖ ನೋಡಿ ಹೂಂ ಅಂದರು.

ಪತ್ರ ಬರೆಯೋರು ಚಕ್ಕುಬಂದಿ ಎಲ್ಲಾ ಬರೆದುಕೊಂಡು, ಸಮಾಧಿಗಳ ಸಾಲಿಗೆ ಬಂದು ಪೆನ್ನು ನಿಲ್ಲಿಸಿದರು. ಒಂದು ಮುತ್ತಜ್ಜಂದು, ಇನ್ನೊಂದಕ್ಕೆ ಯಾರ ಹೆಸರು ಹಾಕಲಿ ಅಂತ.

"ಹಿರೇಕಿ ಅಂತ ಹಾಕ್ರಿ" ಅಂದೆ.