ಹೋದವರ ನಂಬರ್ (ಭಾಗ 6)

ಫ್ರೆಂಡ್ಸ್, ನಿಮ್ಮ ಕಾಂಟ್ಯಾಕ್ಟ್ ಲಿಸ್ಟಲ್ಲಿ ತೀರಿಕೊಂಡವರ ನಂಬರ್ ಎಷ್ಟಿದೆ? ಡಿಲೀಟ್ ಮಾಡೋಕೆ ಕೈ ಬರಲ್ಲ ಅಲ್ವಾ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಮ್ಮ ಕಡೆ ಎಲ್ಲೇ ನೋಡಿ, ದುಃಖಕ್ಕೂ ಒಂದು ಲೆಕ್ಕ ಇದೆ. ಸುಮಾರು ಮನೆಗಳಲ್ಲಿ ಮೂರನೇ ದಿನ ಹಾಲು-ತುಪ್ಪ, ಹನ್ನೊಂದಕ್ಕೆ ತಿಥಿ, ಆಮೇಲೆ ವರ್ಷಕ್ಕೊಂದ್ಸಲ ಮಹಾಲಯ ಅಮಾವಾಸ್ಯೆಗೆ ಎಡೆ. ಅವತ್ತು ನೆಂಟರು ಬರ್ತಾರೆ, ಒಟ್ಟಿಗೆ ಅಳ್ತಾರೆ, ಒಟ್ಟಿಗೆ ಉಣ್ತಾರೆ. ಫೋನಿಗೆ ಈ ಲೆಕ್ಕ ಗೊತ್ತಿಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿ "ಮೂರು ವರ್ಷದ ಹಿಂದೆ ಇದೇ ದಿನ" ಅಂತ ಫೋಟೋ ತಂದು ಮುಂದೆ ಇಡುತ್ತೆ. ಆಗ ಪಕ್ಕದಲ್ಲಿ ಯಾರೂ ಇರಲ್ಲ.

ಸಿಮ್ಮಿನ ಲೆಕ್ಕ ಇನ್ನೊಂದು. ಪ್ರೀಪೇಯ್ಡ್ ನಂಬರ್ 90 ದಿನ ಬಳಸದೆ ಬಿಟ್ರೆ ಬಂದ್ ಆಗಬಹುದು, ಆಮೇಲೆ ಅದು ಬೇರೆಯವರಿಗೆ ಹೋಗುತ್ತೆ. ನಮ್ಮಜ್ಜಿ ನಂಬರಿಗೂ ಹಾಗೇ ಆಯ್ತು. 'ಅಜ್ಜಿ' ಅನ್ನೋ ಹೆಸರಿನ ಪಕ್ಕ ಒಂದಿನ ಯಾರೋ ಹುಡುಗ ಬೈಕ್ ಮೇಲೆ ಕೂತಿರೋ ಡಿಪಿ. ಅವನದೇನೂ ತಪ್ಪಿಲ್ಲ. ಆದ್ರೂ ಅಮ್ಮ ಅವತ್ತು ಸಂಜೆ ಯಾರ ಹತ್ರನೂ ಮಾತಾಡಲಿಲ್ಲ.

ಅಪ್ಪು ಹೋಗಿದ್ದು 2021ರ ಅಕ್ಟೋಬರ್ 29. ಮುಂದಿನ ಮಾರ್ಚ್ 17ಕ್ಕೆ, ಅವರ ಹುಟ್ಟುಹಬ್ಬದ ದಿನ, 'ಜೇಮ್ಸ್' ಬಂತು. ಡಬ್ಬಿಂಗ್ ಮುಗಿದಿರಲಿಲ್ಲ, ತಮ್ಮನ ಪಾತ್ರಕ್ಕೆ ಶಿವಣ್ಣ ದನಿ ಕೊಟ್ರು. ಏಪ್ರಿಲಲ್ಲಿ ಅದೇ ಸಿನಿಮಾ ತಂತ್ರಜ್ಞಾನದ ಸಹಾಯದಿಂದ ಅಪ್ಪು ದನಿಯಲ್ಲೇ ಮತ್ತೆ ಥಿಯೇಟರಿಗೆ ಬಂತು. ಮುಖ ಪರದೆ ತುಂಬ ಇದ್ರೂ ದನಿ ಇಲ್ಲದಿದ್ರೆ ಮನಸ್ಸು ಒಪ್ಪಲ್ಲ.

ನಮ್ಮ ಮನೆಯವರ ದನಿ ವಾಪಸ್ ತರೋಕೆ ಯಾವ ಟೀಮೂ ಬರಲ್ಲ. "ಊಟ ಆಯ್ತಾ ಮಗಾ" ಅನ್ನೋ ಒಂದು ವಾಯ್ಸ್ ನೋಟ್ ಇರುತ್ತೆ, ಅಷ್ಟೇ. ಬ್ಯಾಕಪ್ ಇಲ್ಲದೆ ಫೋನ್ ಬದಲಾಯಿಸಿದ್ರೆ ಅದೂ ಇಲ್ಲ.

ಅದಕ್ಕೇ ಇಷ್ಟು ಮಾಡಿ:
• ಆ ವಾಯ್ಸ್ ನೋಟನ್ನ ಚಾಟಿಂದ ತೆಗೆದು ಡ್ರೈವಲ್ಲೋ ಪೆನ್‌ಡ್ರೈವಲ್ಲೋ ಇಡಿ.
• ಹೋದವರ ನಂಬರ್ ಬ್ಯಾಂಕಿಗೆ ಲಿಂಕ್ ಇದ್ರೆ, ಸಿಮ್ ಬಂದ್ ಆಗೋ ಮುಂಚೆ ಬ್ಯಾಂಕಿಗೆ ತಿಳಿಸಿ. ಓಟಿಪಿ ಹೊಸಬರ ಕೈಗೆ ಹೋಗಬಾರದು.
• ಅವರ ಇನ್‌ಸ್ಟಾ ಅಕೌಂಟ್ ಇದ್ರೆ, ಮರಣದ ದಾಖಲೆ ಕೊಟ್ಟು ಸ್ಮರಣೆಯ ಅಕೌಂಟ್ ಮಾಡಿಸಬಹುದು. ಆಮೇಲೆ ಯಾರೂ ಲಾಗಿನ್ ಆಗೋಕಾಗಲ್ಲ.
• ಇರೋ ಹಿರಿಯರನ್ನ ಕೇಳಿ, ಇವತ್ತೇ ಐದು ನಿಮಿಷ ಮಾತು ರೆಕಾರ್ಡ್ ಮಾಡ್ಕೊಳ್ಳಿ.

ಮತ್ತೆ, ಕ್ಲಾಸಲ್ಲಿ ಯಾರ ಮನೇಲಾದ್ರೂ ಸಾವಾದ್ರೆ ಗ್ರೂಪಲ್ಲಿ "ಓಂ ಶಾಂತಿ" ಹಾಕಿ, ಬೇಡ ಅನ್ನಲ್ಲ. ತಿಥಿ ದಿನ ಬಸ್ ಹತ್ತಿ ಅವರ ಊರಿಗೂ ಹೋಗಿ ಬನ್ನಿ.